ಯಾವ ಪರಸ್ಕೆವಿ?

ಸೆಪ್ಟೆಂಬರ್ ೧೪, ಗುರುವಾರ
ಶಿಲುಬೆಯ ಹಬ್ಬ, ಮಧ್ಯಾಹ್ನ

ಅಕ್ಕ ಹರಿತೀನಿಗೆ, ತಂಗಿ ಮಿರೋಫೋರಾ ನೆನೆದು ಬರೆಯುವುದು. ದೇವಮಾತೆ ನಿನ್ನನ್ನೂ ನಿನ್ನ ಮನೆಯವರನ್ನೂ ಕಾಯಲಿ.

ಇವತ್ತು ಶಿಲುಬೆಯ ಉಪವಾಸ. ಹಾಲಿಲ್ಲ, ಮೊಟ್ಟೆಯಿಲ್ಲ, ಮೀನೂ ಇಲ್ಲ. ಮೇಕೆಗಳಿಗೆ ಯಾವ ಉಪವಾಸ? ಕೆಚ್ಚಲು ತುಂಬಿಕೊಂಡು ಬೆಳಕು ಹರಿಯುವ ಮೊದಲೇ ಕೂಗಲು ಹಿಡಿದವು. ಕರೆದು, ಸೋಸಿ, ಹಲ್ಲೂಮಿ ಚೀಸಿಗೆ ಹಾಲು ಒಡೆಯಲು ಇಟ್ಟೆ. ಹೋದ ವರ್ಷ ಇದೇ ದಿನ ಮರೆತು ಬೆರಳು ನೆಕ್ಕಿಬಿಟ್ಟಿದ್ದೆನಲ್ಲ, ಈ ಸಲ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಕೆಲಸ ಮಾಡಿದೆ. ಆಲಿವ್ ಎಲೆಯ ಹೊಗೆ ಹಾಕಿ ಮನೆಯ ಮೂಲೆ ಮೂಲೆಗೂ ಹಿಡಿದೆ. ಇಗರ್ಜಿಯಲ್ಲಿ ಪಾದ್ರಿ ಸಾವಾಸರು ಕೊಟ್ಟ ಕಾಮಕಸ್ತೂರಿಯನ್ನು ವರ್ಷವಿಡೀ ರೊಟ್ಟಿಯ ಹಿಟ್ಟು ಹುಳಿ ಬರಿಸಲು ತೆಗೆದಿಟ್ಟೆ. ನಿನ್ನ ಪಾಲಿನ ಕುಡಿಯನ್ನು ಈ ಕಾಗದದೊಳಗೆ ಮಡಚಿದ್ದೇನೆ. ಬಾಡಿದ್ದರೂ ಎಸೆಯಬೇಡ, ಆಶೀರ್ವಾದ ಆದದ್ದು. ಅಲಸಂದೆ ಬೇಯಿಸಿ, ನಿಂಬೆ ಹಿಂಡಿ, ಊಟ ಮುಗಿಸಿ ಬರೆಯಲು ಕೂತಿದ್ದೇನೆ.

ದಿನಾ ಸಂಜೆ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆದಳು ಎಂದು ನಿನಗೆ ಅನ್ನಿಸೀತು. ನಿನ್ನೆ ಸಂಜೆಯೂ ಮಾತಾಡಿದೆವು. ನಿನ್ನ ಮರಕ್ಕೆ ಹಕ್ಕಿ ಇಳಿದಿವೆ ಎಂದು ನಾನೂ ಹೇಳಿದೆ, ನೀನೂ ಹೂಂ ಅಂದೆ. ಆದರೆ ಕೆಲವು ಮಾತಿಗೆ ಫೋನು ಆಗುವುದಿಲ್ಲ ಅಕ್ಕ. ಇದನ್ನು ಒಬ್ಬಳೇ ಕೂತು ಓದು. ಅಳಿಯನ ಹೋಟೆಲಿನ ಅಡುಗೆಮನೆಯಲ್ಲಿ ಓದಬೇಡ. ಮಹಡಿ ಮೇಲೆ ನಿನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಓದು.

ನೆಯೋಫಿತೋಸ್ ಮೇಷ್ಟ್ರ ವಿಷಯ ನಿನಗೆ ಗೊತ್ತು. ಹೋದ ಚಳಿಗಾಲದಲ್ಲಿ ನಿಕೋಸಿಯಾದ ಹಕ್ಕಿ ಸಂಘದ ಪರವಾಗಿ ಅವರು ನಮ್ಮೂರಿಗೆ ಬಂದರು. ಮೇಕೆ ಕಾಯುವವರ ಕಣ್ಣಿಗೆ ಬೀಳುವಷ್ಟು ಹಕ್ಕಿ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದು ನನ್ನ ಕೊರಳಿಗೆ ಒಂದು ದುರ್ಬೀನು ಹಾಕಿ ಹೋದರು. ಅವತ್ತಿನಿಂದ ಸಂಜೆಯಾದರೆ ಅವರಿಗೆ ಫೋನು ಮಾಡಿ, ಇಂಥ ಹಕ್ಕಿ, ಇಷ್ಟು, ಇಂಥ ಕಡೆ ಎಂದು ಒಪ್ಪಿಸುವುದು ನನ್ನ ಕೆಲಸ. ಅವರು ಬರೆದುಕೊಂಡು ಸಂಘದ ಪುಟಕ್ಕೆ ಹಾಕುತ್ತಾರೆ, ಎಷ್ಟು ಹಕ್ಕಿ ಎಂದು ಯಾರು ಬೇಕಾದರೂ ನೋಡಬಹುದಂತೆ, ಜಾಗ ಮಾತ್ರ ಹೊರಗಿನವರಿಗೆ ತೋರಿಸುವುದಿಲ್ಲವಂತೆ. ಪಾದ್ರಿಗೆ ಪಾಪ ಒಪ್ಪಿಸುವುದಕ್ಕಿಂತ ನಿಷ್ಠೆಯಿಂದ ಮೇಷ್ಟ್ರಿಗೆ ಹಕ್ಕಿ ಒಪ್ಪಿಸುತ್ತೀಯ ಎಂದು ನೀನೇ ನಕ್ಕಿದ್ದೆ. ಅವರ ಫೋನು ಇಟ್ಟ ಮೇಲೆ ನಿನಗೆ ಮಾಡುತ್ತಿದ್ದೆ. ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತಿದ್ದೆ. ಇನ್ನೇನಿದೆ ನನ್ನ ಹತ್ತಿರ ಹೇಳಲು? ಮೇಕೆ, ಹಕ್ಕಿ, ಮೊಣಕಾಲು ನೋವು.

ದ್ರಾಕ್ಷಿ ಕಪ್ಪಾಗುವ ಹೊತ್ತಿಗೆ ಕರಿಟೋಪಿ ಹಕ್ಕಿ ಬರಲು ಶುರುವಾದವು. ಹಿಡಿಯಬಾರದು ಎಂದು ಕಾನೂನಿದ್ದರೂ ನಮ್ಮವರು ಅಂಬೆಲೊಪೂಲಿ ಎಂದು ಬಾಯಿ ಚಪ್ಪರಿಸುವ ಹಕ್ಕಿ. ಮೊದಲ ಗುಂಪು ಹಳೆ ನೀರುತೊಟ್ಟಿಯ ಅಂಜೂರದ ಗಿಡಗಳಿಗೆ ಇಳಿಯಿತು. ಒಪ್ಪಿಸಿದೆ. ಎರಡು ದಿನ ಬಿಟ್ಟು ಮೇಕೆ ಹೊಡೆದುಕೊಂಡು ಹೋದರೆ ಅಂಜೂರದ ತುಂಬ ಅಂಟುಕಡ್ಡಿ, ಕೂತ ಹಕ್ಕಿ ಮತ್ತೆ ಏಳದ ಹಾಗೆ ಅಂಟು ಬಳಿದದ್ದು. ಆಮೇಲೆ ದಾಳಿಂಬೆ ತೋಟ. ಅಲ್ಲಿಯೂ ಹಾಗೆಯೇ. ನಾನು ಬಾಯಿ ಬಿಟ್ಟ ಕಡೆಗೆಲ್ಲ ಕಡ್ಡಿ ಬರುತ್ತಿತ್ತು. ನನ್ನ ನಾಲಿಗೆಯೇ ಹಕ್ಕಿಗಳಿಗೆ ಯಮನಾಯಿತೇ ಎಂದುಕೊಂಡೆ. ಕಾಫಿ ಅಂಗಡಿಯ ಕ್ಲೆಯೊವೂಲೋಸ್ ಬೇರೆ, ನಾನು ದಾರಿಯಲ್ಲಿ ಹೋಗುವಾಗ ಕೇಳಿಸುವ ಹಾಗೆ ಅಂದ:

"ಹಕ್ಕಿ ಎಲ್ಲೆಲ್ಲಿದೆ ಅಂತ ನಮ್ ಮಿರೋಫೋರಾನೇ ತೋರಿಸ್ಕೊಡ್ತಾಳೆ. ಹಿಡಿಯೋನು ಬರೀ ಚೀಲ ತಂದ್ರೆ ಸಾಕು."

ಮೂರನೆಯದು ಪರಸ್ಕೆವಿ, ಕಣ್ಣು ಕಾಯುವ ಸಂತಳ ಇಗರ್ಜಿ. ಹೋದ ವಾರ ಬುಧವಾರ ಅಲ್ಲಿ ಆಲಿವ್ ಮರಗಳು ಕಪ್ಪಿಡುವಷ್ಟು ಹಕ್ಕಿ ನೋಡಿದೆ, ಸಂಜೆ ಒಪ್ಪಿಸಿದೆ. ಶುಕ್ರವಾರ ಬೆಳಗ್ಗೆ ಹೋದಾಗ ಮರಗಳಲ್ಲಿ ಕಡ್ಡಿಗಳಿದ್ದವು. ಬಂದವನು ಕೊಯ್ಲು ಮುಗಿಸಿ ಹೋಗಿದ್ದ, ಒಂದನ್ನು ಮಾತ್ರ ಮರೆತಿದ್ದ. ಹೆಣ್ಣು ಹಕ್ಕಿ, ಕಂದು ಟೋಪಿಯದು, ತಲೆ ಕೆಳಗಾಗಿ ನೇತಾಡುತ್ತಿತ್ತು. ಎಳೆದರೆ ಕಾಲು ಕಿತ್ತು ಬರುತ್ತದೆ, ಎಂಜಲು ಬಿಟ್ಟರೆ ಬೇರೆ ಯಾವುದಕ್ಕೂ ಆ ಅಂಟು ಬಿಡುವುದಿಲ್ಲ. ಅಪ್ಪ ಮಾಡುತ್ತಿದ್ದುದು ನೆನಪಿದೆಯಲ್ಲ? ಅದರ ಕಾಲನ್ನು ಬಾಯಲ್ಲಿಟ್ಟುಕೊಂಡು ನೆನೆಸಿ ನೆನೆಸಿ ಬಿಡಿಸಿದೆ. ಅಂಟು ಸಿಹಿಯಾಗಿತ್ತು, ಜೇನು ಹಾಕಿ ಕುದಿಸಿದ್ದು. ಹಕ್ಕಿ ಹಾರಿ ಹೋದ ಮೇಲೆ ನೆನಪಾಯಿತು, ಶುಕ್ರವಾರ, ಉಪವಾಸ, ನನ್ನ ಬಾಯಲ್ಲಿ ಮಾಂಸ. ಹೆದರಿ ನೇರ ಪಾದ್ರಿ ಸಾವಾಸರ ಹತ್ತಿರ ಓಡಿದೆ. ಅವರು ಕೋಳಿಗಳಿಗೆ ಕಾಳು ಹಾಕುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ನುಂಗಿಲ್ಲ ತಾನೇ? ಹಾಗಾದ್ರೆ ಕೆಟ್ಟಿಲ್ಲ. ಹೋಗಿ ಬಾಯ್ ತೊಳ್ಕೊ" ಎಂದರು.

ಉಪವಾಸ ಕೆಡಲಿಲ್ಲ, ಮನಸ್ಸು ಕೆಟ್ಟಿತು. ನಾನು ಹೇಳುವುದು ಮೇಷ್ಟ್ರಿಗೆ, ಮೇಷ್ಟ್ರಿಗೆ ಬಿಟ್ಟರೆ ನಿನಗೆ. ನಿನ್ನನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನನ್ನ ಕೈ ನನ್ನ ಕಣ್ಣಿಗೆ ಚುಚ್ಚುತ್ತದೆಯೇ? ಹಾಗಾಗಿ ಉಳಿದವರು ಮೇಷ್ಟ್ರು. ಅವರ ಹೊಸ ಬೂಟು ನೋಡಿದೆ, ಅನುಮಾನ ಬಂತು. ಊರಿಗೆ ಬಂದಾಗಲೆಲ್ಲ ಗಾಡಿಯನ್ನು ಇಗರ್ಜಿಯ ಹಿಂದೆ ನಿಲ್ಲಿಸುತ್ತಿದ್ದರು, ನೆರಳಿಗಂತೆ. ಅದಕ್ಕೂ ಅನುಮಾನ ಬಂತು. ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ, ಕೈಯಲ್ಲಿ ಪ್ರಸಾದದ ರೊಟ್ಟಿ ಹಿಡಿದುಕೊಂಡೇ, ಮೇಷ್ಟ್ರು ನನ್ನ ಮಾತನ್ನು ಬೇಟೆಯವರಿಗೆ ಮಾರುತ್ತಿದ್ದಾರೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಇಂಥ ಮಾತಿಗೆ ಊರು ಕಾದುಕೊಂಡೇ ಇತ್ತು. ಕಡ್ಡಿ ಇಡುವ ಗಂಡಸರೇ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದರು. ಬರುವ ಭಾನುವಾರ ಊರ ಸಮಿತಿ ಸೇರಿ, ಈ ಮನುಷ್ಯ ನಮಗೆ ಬೇಡ ಎಂದು ಸಂಘಕ್ಕೆ ಬರೆಯುವುದೆಂದು ಮಾತಾಯಿತು. ಅವರು ಪಾಠ ಹೇಳುವ ಶಾಲೆಯಲ್ಲೂ ಮಕ್ಕಳ ಅಪ್ಪಂದಿರು ಕೇಳಲು ಶುರುಮಾಡಿದ್ದಾರಂತೆ. ಸಂಘದ ಕೆಲಸ ಹೋದರೆ ಹೋಗಲಿ ಎನ್ನಬಹುದು, ಕಳ್ಳ ಎಂಬ ಹೆಸರು ಹೊತ್ತ ಮೇಷ್ಟ್ರನ್ನು ಶಾಲೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಮಂಗಳವಾರ ಅವರೇ ನನ್ನ ಮನೆಗೆ ಬಂದರು. ಕೂತ್ಕೊಳ್ಳಿ ಎಂದೂ ನಾನು ಅನ್ನಲಿಲ್ಲ. ಜಗಳಕ್ಕೆ ಬಂದಿರಬೇಕು ಎಂದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆ. ಅವರು ಮೇಜಿನ ಮೇಲೆ ನಕ್ಷೆ ಹರಡಿದರು. ದನಿ ಏರಿಸಲಿಲ್ಲ.

"ಅಮ್ಮಾ, ನೀವು ಹೇಳಿದ್ದಕ್ಕೆಲ್ಲ ನಾನಿಲ್ಲಿ ಗುರುತು ಹಾಕಿದೀನಿ. ನಾನು ಮಾರಿದ್ರೆ ಇದನ್ನೇ ತಾನೇ ಮಾರ್ಬೇಕಿತ್ತು? ನೀವೇ ನೋಡಿ."

ನೋಡಿದೆ. ಅಂಜೂರ ಸರಿಯಿತ್ತು, ದಾಳಿಂಬೆ ಸರಿಯಿತ್ತು. ಪರಸ್ಕೆವಿಯ ಗುರುತು ಮಾತ್ರ ಕಡಲ ದಾರಿಯ ಬಿಳಿ ಇಗರ್ಜಿಯ ಮೇಲಿತ್ತು. ನಗು ಬಂತು ನನಗೆ. ಅಯ್ಯೋ ಮೇಷ್ಟ್ರೇ, ಇದು ಬಿಳೀದು, ನಾನು ಹೇಳಿದ್ದು... ಎಂದು ಬಾಯಿ ತೆಗೆದವಳು ಅಲ್ಲಿಗೇ ನಿಂತೆ.

ತಪ್ಪು ಅವರದಲ್ಲ. ಪರಸ್ಕೆವಿ ಎಂದಷ್ಟೇ ಹೇಳಿದ್ದೆ. ನಕ್ಷೆಯಲ್ಲಿ ಇರುವುದು ಒಂದೇ ಪರಸ್ಕೆವಿ, ಟೂರಿಸ್ಟರು ಫೋಟೋ ತೆಗೆಯುವ ಬಿಳಿಯದು. ನಾನು ಹಕ್ಕಿ ಕಂಡದ್ದು ಒಳಗಿನ ಆಲಿವ್ ತೋಪಿನಲ್ಲಿ, ಸೂರು ಬಿದ್ದು ಮೂರು ಗೋಡೆ ಉಳಿದಿರುವ ಹಳೆಯ ಪರಸ್ಕೆವಿಯಲ್ಲಿ. ಊರಿನವರಿಗೆ ಅದು ಕಲ್ಲುಗುಡ್ಡೆ. ಇಗರ್ಜಿ ಇತ್ತು ಎಂಬುದೇ ಅರ್ಧ ಊರಿಗೆ ಮರೆತಿದೆ. ಅದನ್ನು ಪರಸ್ಕೆವಿ ಎಂದು ಕರೆಯುವ ಮನೆ ಭೂಮಿಯ ಮೇಲೆ ನಮ್ಮದೊಂದೇ. ನನ್ನ ಕಣ್ಣು ಬೇನೆ ಬಂದಾಗ ಅಮ್ಮ ಹರಕೆಯ ಬಟ್ಟೆ ಕಟ್ಟಿದ್ದು ಅಲ್ಲಿಯ ಮರಕ್ಕೆ. ಅದಕ್ಕೇ ನಮ್ಮಿಬ್ಬರಿಗೆ ಅದು ಅಮ್ಮನ ಪರಸ್ಕೆವಿ. ಮೇಷ್ಟ್ರು ಮಾರಿದ್ದರೆ ಕಡ್ಡಿಗಳು ಬಿಳಿ ಪರಸ್ಕೆವಿಗೆ ಹೋಗಬೇಕಿತ್ತು. ಅಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಬಂದದ್ದು ಅಮ್ಮನದಕ್ಕೆ.

ಮೇಷ್ಟ್ರು ಕೇಳಿದರು, ಏನಾಯಿತಮ್ಮ ಎಂದು. ಹಸಿವಿಗೆ ತಲೆ ಸುತ್ತಿತು ಎಂದೆ. ಅವತ್ತು ಉಪವಾಸವೇ ಇರಲಿಲ್ಲ. ಅವರು ನಕ್ಷೆ ಮಡಚಿಕೊಂಡು, ನನಗೊಂದು ಲೋಟ ನೀರು ತುಂಬಿ ಕೊಟ್ಟು ಹೋದರು. ಕೂರು ಎಂದೂ ಹೇಳದವಳಿಗೆ, ನನ್ನದೇ ಮನೆಯಲ್ಲಿ, ನೀರು ಕೊಟ್ಟು ಹೋದರು ಅಕ್ಕ.

ಅವತ್ತಿನಿಂದ ಹೋದ ವಾರದ ಆ ಬುಧವಾರದ ಫೋನು ನನ್ನ ಕಿವಿಯಲ್ಲೇ ಇದೆ. ಪರಸ್ಕೆವಿ ಹತ್ತಿರ ಹಕ್ಕಿ ಇಳಿದಿವೆ ಎಂದು ನಿನಗೂ ಅಷ್ಟೇ ಹೇಳಿದ್ದೆ. ಪಾತ್ರೆಯ ಸದ್ದು ನಿಂತಿತು. ಯಾರೋ ಕುರ್ಚಿ ಎಳೆದರು. ಆಮೇಲೆ ನೀನು ಕೇಳಿದೆ:

"ಯಾವ್ ಪರಸ್ಕೆವಿ ಕಣೇ ಮಿರೂ? ಬಿಳೀದೋ, ಅಮ್ಮಂದೋ?"

ಅಮ್ಮನದು ಎಂದೆ. ಖುಷಿಯಿಂದಲೇ ಹೇಳಿದೆ. ನಮ್ಮಕ್ಕ ನನ್ನ ಹಕ್ಕಿಗಳನ್ನು ಇಷ್ಟು ಗಮನ ಕೊಟ್ಟು ಕೇಳುತ್ತಾಳಲ್ಲ ಎಂದು ಹಿಗ್ಗಿದೆ. ಗುಬ್ಬಿಗೂ ಗಿಡುಗಕ್ಕೂ ವ್ಯತ್ಯಾಸ ಗೊತ್ತಿಲ್ಲದ ನೀನು, ಹಕ್ಕಿ ಎಂದರೆ ಕೋಳಿ ಎಂದುಕೊಂಡಿರುವ ನೀನು, ಯಾವ ಪರಸ್ಕೆವಿ ಎಂದು ಯಾಕೆ ಕೇಳಿದೆ?

ಎಡಗಿವಿ ಮಂದವಾದ ಮೇಲೆ ನೀನು ಫೋನನ್ನು ಜೋರು ಮಾಡಿ ಒಲೆಯ ಪಕ್ಕ ಇಡುತ್ತೀಯ ಎಂದು ಗೊತ್ತು. ಎರಾತೊ ಕೇಳಿಸಿಕೊಳ್ಳಲಿ, ಅವಳು ನೀನು ಹೆತ್ತವಳು, ನಾನು ಎತ್ತಿ ಆಡಿಸಿದವಳು. ಆದರೆ ಆ ಅಡುಗೆಮನೆಯಲ್ಲಿ ನಿನ್ನ ಅಳಿಯ ಹಂಬಿಸನೂ ಓಡಾಡುತ್ತಾನೆ. ಅವನ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಗೊತ್ತಿರುವ ಗಿರಾಕಿಗಳಿಗೆ ಮಾತ್ರ, ಮುಚ್ಚಿದ ತಟ್ಟೆಯಲ್ಲಿ ಏನು ಹೋಗುತ್ತದೆ ಎಂದು ನಾನು ಇದುವರೆಗೆ ಕೇಳಿರಲಿಲ್ಲ. ಪಾಸ್ಕ ಹಬ್ಬಕ್ಕೆ ಬಂದಾಗ ಆ ಬಾಗಿಲ ಹತ್ತಿರ ಹೋದವಳನ್ನು ಅವನು, "ಚಿಕ್ಕಮ್ಮಾ, ಅಲ್ಲಿ ಬರೀ ಸಾಮಾನು" ಎಂದು ನಗುತ್ತ ತಡೆದಾಗಲೂ ಕೇಳಲಿಲ್ಲ. ಮಗಳ ಸಂಸಾರ, ಕೆದಕಬಾರದು ಎಂದುಕೊಂಡೆ.

ನಾವೇನು ಸಾಧುಗಳಲ್ಲ. ಅಪ್ಪನೂ ಕಡ್ಡಿ ಇಡುತ್ತಿದ್ದ, ನಾವೂ ಎಲುಬು ಸಮೇತ ಅಗಿದವರೇ. ಅಪ್ಪನಿಗೆ ಐದು ಹೊಟ್ಟೆ ಸಾಕಬೇಕಿತ್ತು. ಹಂಬಿಸನ ಮೇಜಿಗೆ ಬರುವವರು ಹಸಿದು ಬರುವುದಿಲ್ಲ.

ಇನ್ನೊಂದು ನೆನಪಾಗುತ್ತದೆ. ದಾಳಿಂಬೆ ತೋಟದ್ದು ಆದ ಮೇಲೆ ಒಂದು ವಾರ ನಾನು ಹಕ್ಕಿಯ ಮಾತು ತೆಗೆದರೆ ಸಾಕು, ನೀನು ಅದೆಲ್ಲ ಬಿಡು, ಮೇಕೆ ವಿಷಯ ಹೇಳು ಎಂದು ಸಿಡುಕುತ್ತಿದ್ದೆ. ನನಗೆ ಬೇಸರವಾಗಿ ಎರಡು ದಿನ ಫೋನು ಮಾಡಲಿಲ್ಲ. ಈಗ ಅನ್ನಿಸುತ್ತದೆ, ಅದು ಸಿಡುಕಲ್ಲ, ಹೇಳಬೇಡ ಎಂದು ನೀನು ಬೇಡಿಕೊಂಡದ್ದು. ನನ್ನ ಮೊಂಡು ತಲೆಗೆ ತಿಳಿಯಲಿಲ್ಲ. ಅದು ನಿಜವಾಗಿದ್ದರೆ ನಿನ್ನ ಕಾಲಿಗೆ ಬೀಳುತ್ತೇನೆ. ಆದರೆ ಮುಂದಿನ ವಾರ ನೀನೇ ಮತ್ತೆ, ಈಗ ಹಕ್ಕಿ ಎಲ್ಲಿವೆ ಎಂದು ಕೇಳಿದೆಯಲ್ಲ? ಆ ವಾರದಲ್ಲಿ ಏನು ನಡೆಯಿತು? ಹಂಬಿಸ್ ಏನಂದ? ಮಹಡಿಯ ಕೋಣೆ ಅವನದು, ಉಣ್ಣುವ ಅನ್ನ ಅವನದು ಎಂದು ನೆನಪಿಸಿದನೇ? ಅಥವಾ ಅವನು ಏನೂ ಅನ್ನದೆ ಎರಾತೊ ಅತ್ತಳೇ? ಅವಳು ಅತ್ತರೆ ನೀನು ಕರಗುತ್ತೀಯ. ನಿನ್ನ ಸ್ವಭಾವ ಅಮ್ಮನದು.

ನಾನು ಕೇಳುವುದು ಒಂದೇ ಪ್ರಶ್ನೆ. ಯಾವ ಪರಸ್ಕೆವಿ ಎಂದು ಕೇಳಿದ್ದು ನೀನೋ, ನಿನ್ನ ಬಾಯಿಂದ ಅವನೋ?

ಭಾನುವಾರ ಸಮಿತಿಯ ಮುಂದೆ ನಾನು ಎದ್ದು ನಿಲ್ಲುತ್ತೇನೆ. ಮೇಷ್ಟ್ರು ನಿರಪರಾಧಿ, ನಾನು ತಿಳಿಯದೆ ಆಡಿದೆ ಎನ್ನುತ್ತೇನೆ. ಅಷ್ಟಕ್ಕೇ ಅವರು ಬಿಡುವುದಿಲ್ಲ. ಹಾಗಾದರೆ ಯಾರು ಎಂದು ಕ್ಲೆಯೊವೂಲೋಸನೇ ಮೊದಲು ಕೇಳುತ್ತಾನೆ. ಸುಳ್ಳು ಹೇಳಿ ಸೋಮವಾರ ಯಾವ ಮುಖ ಇಟ್ಟುಕೊಂಡು ದೀಪ ಹಚ್ಚಲಿ? ನಿಜ ಹೇಳಿದರೆ ಪೊಲೀಸರು ಹಿಂದಿನ ಕೋಣೆಯ ಬಾಗಿಲು ತೆಗೆಸುತ್ತಾರೆ, ಎರಾತೊಳ ಸಂಸಾರ ಬೀದಿಗೆ ಬರುತ್ತದೆ, ಅದರ ಜೊತೆ ನೀನೂ. ಒಬ್ಬ ಮಾನವಂತನ ಹೆಸರು ಒಂದು ಕಡೆ, ನನ್ನ ಅಕ್ಕ ಒಂದು ಕಡೆ. ತಕ್ಕಡಿ ನನ್ನ ಕೈಯಲ್ಲಿ ಯಾಕೆ ಕೊಟ್ಟೆ?

ಬಾಯಿ ತೆಗೆಯುವ ಮೊದಲು ನಿನ್ನ ಮಾತು ಕೇಳಬೇಕು. ಬಿಸಿಲು ಇಳಿಯಿತು, ಮೇಕೆಗಳು ಕರೆಯುತ್ತಿವೆ.

ನಿನ್ನ ಬೆನ್ನಿಗೆ ಬಿದ್ದ ತಂಗಿ,
ಮಿರೋಫೋರಾ

ಮತ್ತೆ: ಶುಕ್ರವಾರ ಬೆಳಗ್ಗೆ

ನಿನ್ನೆಯೇ ಅಂಟಿಸಬೇಕಿದ್ದ ಕಾಗದವನ್ನು ಅಂಟಿಸದೆ ಇಟ್ಟಿದ್ದೆ. ಯಾಕೆ ಎಂದು ಈಗ ಹೇಳುತ್ತೇನೆ. ಮೊನ್ನೆ ಬುಧವಾರ ಸಂಜೆ ನಿನ್ನ ಮರದಲ್ಲಿ ಕರಿಟೋಪಿ ಕಿಕ್ಕಿರಿದಿವೆ ಎಂದೆನಲ್ಲ, ಅದು ಸುಳ್ಳು. ಅಲ್ಲಿ ಒಂದು ಪುಕ್ಕವೂ ಇರಲಿಲ್ಲ. ನೀನು ಚಿಕ್ಕವಳಿದ್ದಾಗ ಹತ್ತಿ ಬಿದ್ದು ಕೈ ಮುರಿದುಕೊಂಡ ಕ್ಯಾರೊಬ್ ಮರಕ್ಕೆ ನಿನ್ನ ಮರ ಎಂದು ಹೆಸರಿರುವುದು ಬದುಕಿರುವವರಲ್ಲಿ ನಮ್ಮಿಬ್ಬರಿಗೇ ಗೊತ್ತು. ಮೇಷ್ಟ್ರಿಗೆ ಹೇಳಲಿಲ್ಲ, ಪಾದ್ರಿಗೂ ಹೇಳಲಿಲ್ಲ. ಫೋನು ಎಷ್ಟೇ ಜೋರಾಗಿದ್ದರೂ, ನಿನ್ನ ಮರ ಎಂದರೆ ಯಾವುದು ಎಂದು ನೀನೇ ಬಿಡಿಸಿ ಹೇಳದೆ ಯಾರಿಗೂ ತಿಳಿಯದು. ನಾನೂ ಒಂದು ಅಂಟುಕಡ್ಡಿ ಇಟ್ಟೆ ಅಕ್ಕ, ನಿನ್ನ ಕಾಲಿಗೆ. ದೇವರು ಕ್ಷಮಿಸಲಿ.

ನಿನ್ನೆ ಹಬ್ಬದ ನೆಪ ಹೇಳಿಕೊಂಡು ಹೋಗಲಿಲ್ಲ. ಇವತ್ತು ಮೇಕೆ ಹೊಡೆದುಕೊಂಡು ಹೋದೆ. ದಾರಿಯುದ್ದಕ್ಕೂ, ಏನೂ ಇರದಿರಲಿ, ಈ ಕಾಗದ ಒಲೆಗೆ ಹಾಕುವ ಹಾಗಾಗಲಿ ಎಂದು ಬೇಡಿಕೊಳ್ಳುತ್ತ ಹೋದೆ.

ಕಡ್ಡಿಗಳಿದ್ದವು. ಕೊಂಬೆಯ ಮೇಲಲ್ಲ, ನೆಲದ ಮೇಲೆ. ಒಂದೊಂದನ್ನೂ ಎರಡಾಗಿ ಮುರಿದು ಬುಡದಲ್ಲಿ ರಾಶಿ ಹಾಕಿತ್ತು. ಅಂಟಿಗೆ ಮಣ್ಣು ಮೆತ್ತಿತ್ತು, ಹಕ್ಕಿ ಮೆತ್ತಿರಲಿಲ್ಲ. ಪಕ್ಕದಲ್ಲಿ ಗಾಡಿಯ ಚಕ್ರದ ಗುರುತು. ನೀನು ಬಿದ್ದೆಯಲ್ಲ, ಆ ಕೊಂಬೆಗೆ ಹಸಿರು ಚೌಕಳಿಯ ಬಟ್ಟೆಯ ಒಂದು ಚೂರು ಕಟ್ಟಿತ್ತು. ಆ ಬಟ್ಟೆ ನನಗೆ ಗೊತ್ತು, ನಿನ್ನ ಹೆಸರಿನ ಹಬ್ಬಕ್ಕೆ ನಾನೇ ಹೊಲಿದು ಕೊಟ್ಟ ಅಡುಗೆಯ ಮೇಲುಡುಗೆ ಅದು. ಗಂಟೂ ಗೊತ್ತು. ತುದಿ ಹೊರಗೆ ಬಿಟ್ಟರೆ ಗಾಳಿಗೆ ಪಟಪಟ ಬಡಿದು ಸಂತಳಿಗೆ ನಿದ್ದೆ ಬರುವುದಿಲ್ಲ ಎಂದು ಅಮ್ಮ ಎರಡೂ ತುದಿಯನ್ನು ಒಳಕ್ಕೆ ಸೇರಿಸಿ ಕಟ್ಟುತ್ತಿದ್ದಳು. ಹಾಗೆಯೇ ಕಟ್ಟಿತ್ತು.

ಮರದ ಕೆಳಗೆ ಕೂತುಬಿಟ್ಟೆ. ಲಾರ್ನಕಾದಿಂದ ಇಲ್ಲಿಗೆ ನೀನು ನಡೆದು ಬರಲಾರೆ, ಹಂಬಿಸನ ಗಾಡಿಯಲ್ಲೇ ಬಂದಿರಬೇಕು. ಮರ ತೋರಿಸಲು ಅವನ ಜೊತೆ ಬಂದೆಯೋ? ಅವನು ಕಡ್ಡಿ ಇಟ್ಟು ಹೋದ ಮೇಲೆ ಎರಾತೊಳನ್ನು ಎಬ್ಬಿಸಿಕೊಂಡು ಮುರಿಯಲು ಬಂದೆಯೋ? ಎರಡೂ ನಿಜವೋ? ತೋರಿಸಿದ್ದೂ ನೀನೇ, ಮುರಿದದ್ದೂ ನೀನೇ ಎಂದು ನನ್ನ ಮನಸ್ಸು ಹೇಳುತ್ತದೆ. ಅದು ಹೇಳಿದ್ದನ್ನೆಲ್ಲ ನಂಬಿ ಈಗಾಗಲೇ ಒಬ್ಬರ ಹೆಸರು ಕೆಡಿಸಿದ್ದೇನೆ, ಅದಕ್ಕೇ ಈ ಸಲ ಕೇಳಿ ತಿಳಿಯುತ್ತೇನೆ. ಪರಸ್ಕೆವಿಗೆ ಬಟ್ಟೆ ಕಟ್ಟುವುದು ಕಣ್ಣಿಗಾಗಿ. ನೀನು ಕಟ್ಟಿದ್ದು ಯಾರ ಕಣ್ಣಿಗೆ, ಅಳಿಯನದಕ್ಕೋ, ನಿನ್ನದಕ್ಕೋ, ನನ್ನದಕ್ಕೋ?

ಬಟ್ಟೆ ಬಿಚ್ಚಲಿಲ್ಲ. ಮುರಿದ ಕಡ್ಡಿಗಳನ್ನು ಹೂತೆ. ಭಾನುವಾರ ನಾನು ಎದ್ದು ನಿಲ್ಲುವುದಂತೂ ಖಂಡಿತ, ಅದನ್ನು ಬದಲಿಸಲಾರೆ. ನೀನು ಬಂದು ಪಕ್ಕದಲ್ಲಿ ನಿಂತರೆ ಏನು ಹೇಳಬೇಕೋ ನೀನೇ ಹೇಳು, ನಾನು ನಿನ್ನ ಕೈ ಹಿಡಿದುಕೊಂಡಿರುತ್ತೇನೆ. ಬರಲಾಗದಿದ್ದರೆ ಬರೆದು ಕೊಡು.

ಈ ಕಾಗದ ತರುವವಳು ಪಕ್ಕದ ಮನೆಯ ಥೆಕ್ಲಾ. ಕಣ್ಣಿನ ಆಸ್ಪತ್ರೆಗೆ ಬರುತ್ತಿದ್ದಾಳೆ, ಈಗ ಒಂದಕ್ಷರವೂ ಕಾಣಿಸುವುದಿಲ್ಲ, ಅದಕ್ಕೇ ನಂಬಿ ಅವಳ ಕೈಗೆ ಕೊಟ್ಟೆ. ಉತ್ತರವನ್ನು ಅಂಚೆಗೆ ಹಾಕಬೇಡ, ಫೋನು ಮಾಡಬೇಡ, ಹಂಬಿಸನ ಹುಡುಗರ ಕೈಗಂತೂ ಕೊಡಲೇಬೇಡ. ನಾಳೆ ಮಧ್ಯಾಹ್ನದ ಬಸ್ಸಿಗೆ ಮೊದಲು ಥೆಕ್ಲಾ ನಿನ್ನ ಹಿತ್ತಿಲ ಬಾಗಿಲಿಗೆ ಬಂದು ಕೂಗುತ್ತಾಳೆ. ನಿನ್ನ ಉತ್ತರವನ್ನು ಅವಳೇ ತರಲಿ.